ಯಾವ ಲಿನಕ್ಸ್, ಯಾವ ಪುಸ್ತಕ?

ಭಾವ: ಬಿಡುವಾಗಿದ್ದೀಯೇನಮ್ಮ? ಕೆಲಸದ ಮಧ್ಯೆ ಫೋನ್ ಮಾಡಿದ್ನಾ?

ನಾದಿನಿ: ಇಲ್ಲ ಭಾವ, ಇವತ್ತು ರಜ. ಆರಾಮಾಗಿ ಮಾತಾಡಿ. ಲ್ಯಾಪ್‌ಟಾಪ್ ವಿಷಯ ತಾನೇ? ಅಕ್ಕ ಹೇಳಿದ್ಲು.

ಭಾವ: ಹೌದು. 2015ರಲ್ಲಿ ತಗೊಂಡಿದ್ದು, ಕೋರ್ ಐ3, ನಾಲ್ಕು ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲ ಅಂತ ಸೂಚನೆ ಬರ್ತಾನೇ ಇದೆ. ರಿಪೇರಿ ಅಂಗಡಿಯವರು ‘ಸಾರ್, ಹನ್ನೊಂದು ಇದಕ್ಕೆ ಕೂರಲ್ಲ, ಹೊಸದು ತಗೊಂಡುಬಿಡಿ’ ಅಂದ್ರು. ಕೀಬೋರ್ಡು ಚೆನ್ನಾಗಿದೆ, ಪರದೆ ಚೆನ್ನಾಗಿದೆ. ಎಸೆಯೋಕೆ ಮನಸ್ಸು ಬರ್ತಿಲ್ಲ.

ನಾದಿನಿ: ಎಸೀಬೇಡಿ. ಅವರು ಹೇಳಿದ್ದೇನೂ ಸುಳ್ಳಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹನ್ನೊಂದಕ್ಕೆ ಇಂಟೆಲ್‌ನದಾದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನೋ ಭದ್ರತೆಯ ವ್ಯವಸ್ಥೆ ಬೇಕು. ನಿಮ್ಮದು ಐದನೇ ತಲೆಮಾರಿನದು. ಆದರೆ ಯಂತ್ರಕ್ಕೆ ಏನೂ ಆಗಿಲ್ಲ. ಲಿನಕ್ಸ್ ಹಾಕಿದ್ರೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಓಡುತ್ತೆ.

ಭಾವ: ಪಕ್ಕದ ಮನೆ ಹುಡುಗನೂ ಅದನ್ನೇ ಹೇಳಿ ಒಂದು ಪೆನ್‌ಡ್ರೈವ್ ಮಾಡಿ ಕೊಟ್ಟಿದಾನೆ. ಅದರಿಂದಲೇ ಈಗ ಲ್ಯಾಪ್‌ಟಾಪ್ ತೆರೆದು ಕೂತಿದೀನಿ. ಮಿಂಟ್ ಅಂತೆ. ಅವನು ಅತ್ತ ಹೋದ ಮೇಲೆ ನಾನು ಓದೋಕೆ ಶುರು ಮಾಡ್ದೆ. ಒಬ್ಬರು ಉಬುಂಟು ಅಂತಾರೆ, ಒಬ್ಬರು ಫೆಡೋರಾ ಅಂತಾರೆ, ಇನ್ನೊಬ್ಬರು ಆರ್ಚ್ ಹಾಕದೆ ಲಿನಕ್ಸ್ ಕಲಿತ ಹಾಗೇ ಅಲ್ಲ ಅಂತಾರೆ. ಒಟ್ಟು ಎಷ್ಟಿದಾವಮ್ಮ ಇವು?

ನಾದಿನಿ: ಈಗ ಚಾಲ್ತಿಯಲ್ಲಿರೋವೇ ಇನ್ನೂರಕ್ಕೂ ಹೆಚ್ಚು.

ಭಾವ: ಇನ್ನೂರಾ! ಯಾಕೆ ಅಷ್ಟು?

ನಾದಿನಿ: 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನಲ್ ಮಾತ್ರ. ಪ್ರೊಸೆಸರು, ಮೆಮೊರಿ, ಡಿಸ್ಕು ಇವನ್ನೆಲ್ಲ ನೋಡ್ಕೊಳ್ಳೋ ಒಳಗಿನ ಭಾಗ. ಅದೊಂದೇ ಇದ್ರೆ ನಿಮಗೆ ಒಂದು ಪತ್ರ ಬರೆಯೋಕೂ ಆಗಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯಿಂದ ಬಂದ ಸಲಕರಣೆಗಳು ಬೇಕು, ಮೇಲೆ ಮೆನು, ಕಿಟಕಿ, ಬರೆಯೋ ತಂತ್ರಾಂಶ, ಬ್ರೌಸರ್ ಬೇಕು. ಎಲ್ಲ ಒಂದಕ್ಕೊಂದು ಹೊಂದಿಕೊಳ್ಳೋ ಹಾಗೆ ಜೋಡಿಸಿ, ಪರೀಕ್ಷೆ ಮಾಡಿ, ಅಪ್‌ಡೇಟ್ ಕೊಡ್ತಾ ಇರಬೇಕು. ಹಾಗೆ ಜೋಡಿಸಿ ಕೊಟ್ಟಿದ್ದೇ ಡಿಸ್ಟ್ರೋ. ಇವುಗಳ ಮೂಲ ಕೋಡ್ ಮುಕ್ತವಾಗಿರೋದ್ರಿಂದ ಯಾರು ಬೇಕಾದ್ರೂ ತಮಗೆ ಬೇಕಾದ ಹಾಗೆ ಜೋಡಿಸಬಹುದು. ಅದಕ್ಕೇ ಅಷ್ಟು. ಆದರೆ ಬೇರು ಹಿಡಿದು ಹೋದ್ರೆ ಮನೆತನಗಳು ಕೆಲವೇ. ನಿಮ್ಮ ಯಂತ್ರದಲ್ಲೇ ಬರೆದಿದೆ, ಓದಿ ನೋಡ್ತೀರಾ? ಮೆನುವಿನಲ್ಲಿ ಟರ್ಮಿನಲ್ ಅಂತ ಇದೆ, ತೆಗೀರಿ.

ಭಾವ: ಕಪ್ಪು ಪರದೆ ಬಂತು.

ನಾದಿನಿ: ನಾನು ಹೇಳಿದ ಹಾಗೆ ಟೈಪ್ ಮಾಡಿ. ಸಿ, ಎ, ಟಿ. ಒಂದು ಜಾಗ ಬಿಡಿ. ಓರೆಗೆರೆ, ಇ, ಟಿ, ಸಿ. ಮತ್ತೆ ಓರೆಗೆರೆ, ಓ, ಎಸ್, ಸಣ್ಣ ಅಡ್ಡಗೆರೆ, ರಿಲೀಸ್. ಎಲ್ಲ ಸಣ್ಣಕ್ಷರ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಂತಲೇ ಲಿನಕ್ಸ್ ಲೆಕ್ಕ ಹಾಕುತ್ತೆ. ಎಂಟರ್ ಒತ್ತಿ, ಏನು ಬಂತೋ ಓದಿ.

ಭಾವ: ನೇಮ್, ಲಿನಕ್ಸ್ ಮಿಂಟ್. ವರ್ಷನ್, 22.2, ಝಾರಾ. ಐಡಿ ಲೈಕ್, ಉಬುಂಟು ಡೆಬಿಯನ್. ಆಮೇಲೆ ಏನೇನೋ ವಿಳಾಸ. ಕೆಳಗೆ ಉಬುಂಟು ಕೋಡ್‌ನೇಮ್, ನೋಬಲ್.

ನಾದಿನಿ: ಆ ಐಡಿ ಲೈಕ್ ಸಾಲು ನೋಡಿ. ಡೆಬಿಯನ್ನನ್ನ ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ್ದು. ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂತು, ಮಾರ್ಕ್ ಶಟಲ್‌ವರ್ತ್ ದುಡ್ಡು ಹಾಕಿ ಕಟ್ಟಿದ್ದು. ಉಬುಂಟು ಇಟ್ಕೊಂಡು 2006ರಲ್ಲಿ ಮಿಂಟ್. ನೋಬಲ್ ಅಂದ್ರೆ ಉಬುಂಟು 24.04, ಅಂದ್ರೆ 2024ರ ಏಪ್ರಿಲ್‌ನದು. ಅದಕ್ಕೆ ಐದು ವರ್ಷ ಅಪ್‌ಡೇಟ್ ಇರೋದ್ರಿಂದ ನಿಮ್ಮ ಮಿಂಟ್‌ಗೂ 2029ರವರೆಗೆ ಸಿಗುತ್ತೆ. ಈಗ ಈ ಎರಡು ಸಾಲು ನಿಮಗೆ ಯಾಕೆ ಮುಖ್ಯ ಅಂದ್ರೆ, ನಾಳೆ ನೀವು ಏನನ್ನಾದ್ರೂ ಓದೋವಾಗ ‘ಉಬುಂಟು 24.04ಕ್ಕೆ’ ಅಂತ ಇದ್ರೆ ಅದು ಬಹುಮಟ್ಟಿಗೆ ನಿಮಗೂ ಅನ್ವಯ. ‘ಡೆಬಿಯನ್‌ಗೆ’ ಅಂತ ಇದ್ರೆ ಹೆಚ್ಚಿನದು ಅನ್ವಯ, ಸ್ವಲ್ಪ ನೋಡ್ಕೋಬೇಕು. ಫೆಡೋರಾಕ್ಕೆ ಬರೆದದ್ದಾದ್ರೆ ತಂತ್ರಾಂಶ ಹಾಕೋ ಕಮಾಂಡೇ ಬೇರೆ.

ಭಾವ: ಸರಿ, ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ. ಮಿಂಟ್ ಸರಿಯಾ, ಅಥವಾ ಆ ಹುಡುಗ ತನಗೆ ಗೊತ್ತಿದ್ದಿದ್ದನ್ನ ಕೊಟ್ನಾ?

ನಾದಿನಿ: ಅವನಿಗೆ ಗೊತ್ತಿದ್ದಿದ್ದನ್ನ ಕೊಟ್ಟಿದ್ರೆ ಅದೇ ಅದನ್ನ ಇಟ್ಕೊಳ್ಳೋಕೆ ಒಳ್ಳೇ ಕಾರಣ! ನಾನು ನಿಜವಾಗಲೂ ಹೇಳ್ತಿದೀನಿ. ಹೊಸಬರು ಡಿಸ್ಟ್ರೋ ಆರಿಸೋವಾಗ ನೋಡಬೇಕಾದ್ದು, ತೊಂದರೆ ಬಂದಾಗ ಓದೋಕೆ ಏನಿದೆ, ಕೇಳೋಕೆ ಯಾರಿದಾರೆ ಅನ್ನೋದು. ವೇಗ, ಚಂದ, ಹೊಸತನ ಎಲ್ಲ ಆಮೇಲೆ. ಜನ ಮೊದಲು ಡಿಸ್ಟ್ರೋ ಆರಿಸ್ತಾರೆ, ಆಮೇಲೆ ಕಲಿಯೋಕೆ ಪುಸ್ತಕ ಹುಡುಕ್ತಾರೆ. ಎರಡನ್ನೂ ಒಟ್ಟಿಗೇ ತೀರ್ಮಾನ ಮಾಡಬೇಕು. ಉಬುಂಟು ಮನೆತನಕ್ಕೆ ಇಪ್ಪತ್ತು ವರ್ಷದಿಂದ ಜನ ಬರೀತಾ ಬಂದಿದಾರೆ. ನಿಮಗೆ ಬರೋ ತೊಂದರೆ ಈಗಾಗಲೇ ಯಾರಿಗೋ ಬಂದು, ಅವರು ಕೇಳಿ, ಇನ್ಯಾರೋ ಉತ್ತರ ಬರೆದಿರ್ತಾರೆ. ಪಕ್ಕದ ಮನೇಲಿ ಒಬ್ಬ ಹುಡುಗ ಬೇರೆ ಇದಾನೆ. ಇಷ್ಟು ಸಾಕು.

ಭಾವ: ಉಬುಂಟು ಹೆಸರು ನನಗೆ ಹೊಸದಲ್ಲ ಅನ್ನು. ನಿವೃತ್ತಿಗೆ ಮುಂಚೆ ಡಯಟ್‌ನಲ್ಲಿ, ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ವಿಷಯ ಶಿಕ್ಷಕರ ವೇದಿಕೆ ತರಬೇತಿ ಕೊಟ್ಟಿದ್ರಲ್ಲ, ಅಲ್ಲಿ ಕಂಪ್ಯೂಟರಿಗೆಲ್ಲ ಉಬುಂಟುವೇ. ಗಣಿತದವರು ಅದರಲ್ಲಿ ಜಿಯೋಜಿಬ್ರಾ ಮಾಡ್ತಿದ್ರು. ತರಬೇತಿ ಮುಗಿಸಿ ಶಾಲೆಗೆ ಬಂದ್ರೆ ವಿಂಡೋಸ್. ಅಲ್ಲಿಗೆ ಮರೆತುಹೋಯ್ತು.

ನಾದಿನಿ: ಬಹಳ ಜನರ ಕತೆ ಅದೇ. ನಾವು ಕಾಲೇಜಲ್ಲಿದ್ದಾಗ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸೋರು, 2011ರ ತನಕ. ಅದಕ್ಕೂ ಮುಂಚಿನವರು ಪಿಸಿ ಕ್ವೆಸ್ಟ್ ಪತ್ರಿಕೆ ಜತೆ ಬರ್ತಿದ್ದ ಸಿಡಿಯಿಂದ ಕಲಿತೋರು. ಸಿಡಿ ಎಲ್ಲರ ಕೈಗೂ ಬಂತು. ಬಂದ ಮೇಲೆ ಏನು ಓದಬೇಕು, ಸಿಕ್ಕಿಕೊಂಡಾಗ ಯಾರನ್ನ ಕೇಳಬೇಕು ಅಂತ ಹೇಳೋರು ಹತ್ತಿರ ಇದ್ದೋರು ಮಾತ್ರ ಮುಂದುವರಿದ್ರು. ನಮ್ಮ ತರಗತಿಯಲ್ಲಿ ನನಗಿಂತ ಚುರುಕಾಗಿದ್ದ ಹುಡುಗೀರು ಬಿಟ್ಟುಬಿಟ್ರು. ಅವರಲ್ಲಿ ಕೊರತೆ ಇರಲಿಲ್ಲ ಭಾವ, ಹೇಳೋರು ಇರಲಿಲ್ಲ.

ಭಾವ: ಡೆಬಿಯನ್ ಮೂಲ ಅಂತೀಯ. ಮೂಲವನ್ನೇ ಹಾಕ್ಕೊಂಡ್ರೆ?

ನಾದಿನಿ: ಹಾಕ್ಕೋಬಹುದು. ಆಫೀಸಿನ ಸರ್ವರ್‌ಗಳಲ್ಲಿ ನಾನು ದಿನಾ ಕೆಲಸ ಮಾಡೋದು ಡೆಬಿಯನ್ ಮೇಲೇ. ಹಿಂದೆ ಅದರಲ್ಲಿ ಒಂದು ಕಷ್ಟ ಇತ್ತು. ವೈಫೈ ಚಿಪ್‌ಗಳಿಗೆ ಬೇಕಾದ ಫರ್ಮ್‌ವೇರ್ ಮುಕ್ತ ತಂತ್ರಾಂಶ ಅಲ್ಲ ಅಂತ ಇನ್‌ಸ್ಟಾಲರ್ ಜತೆ ಕೊಡ್ತಿರಲಿಲ್ಲ, ಹಾಗಾಗಿ ಹೊಸಬರಿಗೆ ಮೊದಲ ದಿನವೇ ಇಂಟರ್ನೆಟ್ ಇಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಸರಿಹೋಗಿದೆ. ಆದ್ರೂ ನಿಮಗೆ ಮಿಂಟೇ ಸಾಕು ಅಂತೀನಿ. ಅಪ್‌ಡೇಟ್ ಮಾಡೋಕೆ, ಡ್ರೈವರ್ ಹಾಕೋಕೆ, ಭಾಷೆ ಸೇರಿಸೋಕೆ ಮೆನುವಿನಲ್ಲೇ ಬಿಡಿಬಿಡಿಯಾಗಿ ಜಾಗ ಇದೆ. ಟೈಮ್‌ಶಿಫ್ಟ್ ಅಂತ ಒಂದಿದೆ, ವ್ಯವಸ್ಥೆ ಇವತ್ತು ಹೇಗಿದೆಯೋ ಹಾಗೆ ನಕಲು ಇಟ್ಕೊಳ್ಳುತ್ತೆ. ಏನಾದ್ರೂ ಕೆಟ್ಟರೆ ಆ ದಿನಕ್ಕೆ ವಾಪಸ್ ಹೋಗಬಹುದು. ಆದರೆ ಅದು ನಿಮ್ಮ ಸ್ವಂತ ಫೈಲ್‌ಗಳನ್ನ ತಾನಾಗಿ ಉಳಿಸಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು. ಇದನ್ನ ಬರ್ಕೊಳ್ಳಿ.

ಭಾವ: ಬರ್ಕೊಂಡೆ. ಮತ್ತೆ ಆರ್ಚು, ಫೆಡೋರಾ?

ನಾದಿನಿ: ಫೆಡೋರಾ ಚೆನ್ನಾಗಿದೆ, ಆದರೆ ಸುಮಾರು ಆರು ತಿಂಗಳಿಗೊಂದು ಹೊಸ ಆವೃತ್ತಿ, ಒಂದೊಂದಕ್ಕೂ ಹದಿಮೂರು ತಿಂಗಳಷ್ಟೇ ಬೆಂಬಲ. ನಿಮಗೆ ಆ ಅವಸರ ಬೇಡ. ಆರ್ಚ್‌ನಲ್ಲಿ ಎಲ್ಲ ಕೈಯಾರೆ ಜೋಡಿಸಬೇಕು, ಕಲಿಯೋಕೆ ಒಳ್ಳೇದೇ, ಆದರೆ ಅದು ಎರಡನೇ ಯಂತ್ರಕ್ಕೆ. ಬರೆಯೋ ಕೆಲಸ ಇರೋ ಒಂದೇ ಯಂತ್ರಕ್ಕೆ ಹಾಕಬಾರದು. ಆದರೆ ಆರ್ಚ್‌ನವರ ವಿಕಿ ಇದೆಯಲ್ಲ, ಅದು ಎಲ್ಲರಿಗೂ ಬೇಕಾದದ್ದು. ಬ್ಲೂಟೂತ್ ಹೇಗೆ ಕೆಲಸ ಮಾಡುತ್ತೆ, ಪ್ರಿಂಟರ್ ಒಳಗೆ ಏನಾಗುತ್ತೆ ಅನ್ನೋದನ್ನ ಅಷ್ಟು ಶ್ರದ್ಧೆಯಿಂದ ಬರೆದಿಟ್ಟಿರೋದು ಬೇರೆಲ್ಲೂ ನಾನು ಕಂಡಿಲ್ಲ. ವಿವರಣೆ ಅಲ್ಲಿ ಓದಿ, ಇನ್‌ಸ್ಟಾಲ್ ಮಾಡೋ ಕಮಾಂಡ್ ಮಾತ್ರ ಅಲ್ಲಿಂದ ತಗೋಬೇಡಿ.

ಭಾವ: ನಾಲ್ಕು ಜಿಬಿ ಸಾಕಾ?

ನಾದಿನಿ: ಮಿಂಟ್‌ನವರು ಕನಿಷ್ಠ ಎರಡು, ಆರಾಮಾಗಿರೋಕೆ ನಾಲ್ಕು ಅಂತಾರೆ. ಮಿಂಟ್‌ನಲ್ಲೇ ಸಿನಮನ್, ಎಕ್ಸ್‌ಎಫ್‌ಸಿಇ, ಮಾಟೆ ಅಂತ ಮೂರು ಮೇಲ್ಮೈ ಇದಾವೆ. ಒಳಗಿನದು ಒಂದೇ, ಕಿಟಕಿ, ಮೆನುಗಳ ಏರ್ಪಾಡು ಬೇರೆ. ನಿಮಗೆ ಎಕ್ಸ್‌ಎಫ್‌ಸಿಇ ಹಗುರ. ಬ್ರೌಸರ್‌ನಲ್ಲಿ ಒಂದು ರಾಶಿ ಪುಟ ತೆರೆದಿಟ್ರೆ ಮಾತ್ರ ಯಾವುದಾದ್ರೂ ನಿಧಾನ ಆಗುತ್ತೆ. ದುಡ್ಡು ಖರ್ಚು ಮಾಡೋ ಹಾಗಿದ್ರೆ ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಡಿಸ್ಟ್ರೋ ಬದಲಾಯಿಸಿದ್ರೆ ಸಿಗದ ವೇಗ ಅದರಲ್ಲಿ ಸಿಗುತ್ತೆ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಿಗೆ ಕರ್ಕೊಂಡು ಹೋಗ್ತೀನಿ.

ಭಾವ: ಈಗ ಕಲಿಯೋ ವಿಷಯಕ್ಕೆ ಬಾ. ನಾನು ಒಂದು ವಿಡಿಯೊ ನೋಡಿ ಅದರಲ್ಲಿ ಹೇಳಿದ್ದನ್ನ ಹಾಗೇ ಟೈಪ್ ಮಾಡ್ದೆ. ಐಎಫ್‌ಕಾನ್ಫಿಗ್ ಅಂತ ಏನೋ. ಕಮಾಂಡ್ ಸಿಗಲಿಲ್ಲ ಅಂತು. ನಾನೇ ತಪ್ಪು ಮಾಡ್ದೆ ಅಂದ್ಕೊಂಡೆ.

ನಾದಿನಿ: ತಪ್ಪು ನಿಮ್ಮದಲ್ಲ. ಆ ವಿಡಿಯೊ ಯಾವ ವರ್ಷದ್ದು ಅಂತ ನೋಡಿದ್ರಾ?

ಭಾವ: ಇಲ್ಲ.

ನಾದಿನಿ: ನೀವು ಇತಿಹಾಸದ ಮೇಷ್ಟ್ರು. ಊರಿನ ಕೆರೆ ಬಗ್ಗೆ ಯಾರಾದ್ರೂ ಒಂದು ಮಾತು ಹೇಳಿದ್ರೆ ಮೊದಲು ಏನು ಕೇಳ್ತೀರಿ?

ಭಾವ: ಆಕರ ಯಾವುದು, ಯಾವ ಕಾಲದ್ದು, ಬರೆದವರು ಯಾರು.

ನಾದಿನಿ: ಇಲ್ಲೂ ಅದನ್ನೇ ಕೇಳಬೇಕು. ನಿಮಗಿರೋ ಆ ಅಭ್ಯಾಸ ನಮ್ಮ ಆಫೀಸಿನ ಎಷ್ಟೋ ಹುಡುಗರಿಗಿಲ್ಲ. ಐಎಫ್‌ಕಾನ್ಫಿಗ್ ಹಳೇ ಕಮಾಂಡು, ಈಗ ಅದರ ಜಾಗದಲ್ಲಿ ಐಪಿ ಅಂತ ಇದೆ; ಹೊಸ ಉಬುಂಟು, ಡೆಬಿಯನ್‌ಗಳಲ್ಲಿ ಹಳೇದು ತಾನಾಗಿ ಬರಲ್ಲ. ಹಾಗೇ 2015ರಲ್ಲಿ ಉಬುಂಟು, ಡೆಬಿಯನ್ ಎರಡೂ ಸಿಸ್ಟಮ್‌ಡಿ ಅನ್ನೋ ಏರ್ಪಾಡಿಗೆ ಬದಲಾದವು. ಹಿನ್ನೆಲೆಯಲ್ಲಿ ಓಡೋ ಸೇವೆಗಳನ್ನ ನಿಲ್ಲಿಸೋದು, ಶುರು ಮಾಡೋದರ ಬಗ್ಗೆ ಅದಕ್ಕೂ ಮುಂಚೆ ಬರೆದದ್ದೆಲ್ಲ ಎಚ್ಚರದಿಂದ ಓದಬೇಕು. ಪರದೆಯ ಚಿತ್ರ ಹಾಕಿ ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ಅನ್ನೋ ಪಾಠಗಳಂತೂ ಎರಡು ವರ್ಷಕ್ಕೆ ಹಳತಾಗ್ತವೆ.

ಭಾವ: ಹಾಗಾದ್ರೆ ಕಲಿತದ್ದೆಲ್ಲ ಎರಡು ವರ್ಷಕ್ಕೆ ವ್ಯರ್ಥವಾ? ಈ ವಯಸ್ಸಲ್ಲಿ ಅಷ್ಟಕ್ಕೆ ಯಾಕೆ ಕಷ್ಟಪಡಬೇಕು?

ನಾದಿನಿ: ಅಲ್ಲೇ ಇರೋದು ಆಯ್ಕೆ. ಎಲ್ಲವೂ ಹಳತಾಗಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯೂನಿಕ್ಸ್ ಬರೆದು ಅದಕ್ಕೆ ಮೊದಲ ಕೈಪಿಡಿ ತಂದದ್ದು 1971ರ ನವೆಂಬರ್‌ನಲ್ಲಿ. ಅದರಲ್ಲಿ ಎಲ್‌ಎಸ್ ಇದೆ, ಸಿಪಿ ಇದೆ, ಎಂವಿ ಇದೆ, ಆರ್‌ಎಂ ಇದೆ. ಈಗ ತಾನೇ ನೀವು ಹೊಡೆದ ಕ್ಯಾಟ್ ಕೂಡ ಇದೆ. ಫೈಲ್‌ಗಳ ಪಟ್ಟಿ ತೋರಿಸೋದು, ನಕಲು ಮಾಡೋದು, ಜಾಗ ಬದಲಾಯಿಸೋದು, ಅಳಿಸೋದು. ಐವತ್ತು ವರ್ಷ ದಾಟಿದ್ರೂ ಅದೇ ಹೆಸರು, ಅದೇ ಕೆಲಸ. ಫೈಲು, ಅದರ ಅನುಮತಿ, ಒಂದು ಕಮಾಂಡಿನ ಉತ್ತರವನ್ನ ಇನ್ನೊಂದಕ್ಕೆ ಹರಿಸೋ ಪೈಪು, ಇಷ್ಟನ್ನ ಕಲಿತ್ರೆ ನಾಳೆ ಡಿಸ್ಟ್ರೋ ಬದಲಾದ್ರೂ ಅದು ನಿಮ್ಮ ಜತೆ ಬರುತ್ತೆ. ಅದನ್ನ ಮೊದಲು ಕಲೀರಿ. ಮೆನು ತಾನಾಗಿ ರೂಢಿಯಾಗುತ್ತೆ.

ಭಾವ: ಆ 1971ರ ಕೈಪಿಡಿ ಈಗ ಸಿಗುತ್ತಾ?

ನಾದಿನಿ: ಅದರ ಮೊಮ್ಮಗ ನಿಮ್ಮ ಮುಂದೇ ಇದೆ. ಟರ್ಮಿನಲ್‌ನಲ್ಲಿ ಎಂ, ಎ, ಎನ್, ಒಂದು ಜಾಗ, ಸಿ, ಪಿ ಅಂತ ಹೊಡೀರಿ.

ಭಾವ: ಬಂತು. ಇಂಗ್ಲಿಷ್‌ನಲ್ಲಿ ಪುಟ ತುಂಬ. ಮೇಲೆ ನೇಮ್, ಕೆಳಗೆ ಸಿನಾಪ್ಸಿಸ್, ಡಿಸ್ಕ್ರಿಪ್ಷನ್.

ನಾದಿನಿ: ಆ ತಲೆಬರಹಗಳೂ 1971ರವೇ. ಹೊಸಬರು ಇಲ್ಲಿ ಹೆದರಿ ಓಡ್ತಾರೆ. ಹೇಗೆ ಓದಬೇಕು ಅಂತ ಯಾರೂ ಹೇಳಿರಲ್ಲ, ಅಷ್ಟೇ. ಸಿನಾಪ್ಸಿಸ್‌ನ ಎರಡನೇ ಸಾಲು ಓದಿ.

ಭಾವ: ಸಿಪಿ, ಚೌಕ ಕಂಸದಲ್ಲಿ ಆಪ್ಷನ್, ಮೂರು ಚುಕ್ಕಿ. ಸೋರ್ಸ್, ಮೂರು ಚುಕ್ಕಿ. ಡೈರೆಕ್ಟರಿ.

ನಾದಿನಿ: ಚೌಕ ಕಂಸದಲ್ಲಿರೋದು ಇದ್ರೂ ಆಯ್ತು, ಇಲ್ದಿದ್ರೂ ಆಯ್ತು. ಮೂರು ಚುಕ್ಕಿ ಅಂದ್ರೆ ಒಂದಕ್ಕಿಂತ ಹೆಚ್ಚು ಕೊಡಬಹುದು. ಕಂಸ ಇಲ್ಲದ್ದು ಕೊಡಲೇಬೇಕು. ಈಗ ನೀವೇ ಹೇಳಿ, ಆ ಸಾಲಿನ ಅರ್ಥ ಏನು?

ಭಾವ: ಇರು... ಆಪ್ಷನ್ ಬೇಕಾದ್ರೆ ಕೊಡು. ನಕಲು ಆಗಬೇಕಾದ ಫೈಲ್ ಒಂದಾದ್ರೂ ಕೊಡಲೇಬೇಕು, ಎಷ್ಟು ಬೇಕಾದ್ರೂ ಕೊಡಬಹುದು. ಕೊನೇಲಿ ಅವು ಹೋಗಬೇಕಾದ ಫೋಲ್ಡರ್.

ನಾದಿನಿ: ಅಷ್ಟೇ! ಇನ್ನು ಯಾವ ಕಮಾಂಡಿನ ಪುಟ ತೆಗೆದ್ರೂ ಈ ವ್ಯಾಕರಣವೇ. ಈಗ ಓರೆಗೆರೆ ಒತ್ತಿ ‘ಇಂಟರಾಕ್ಟಿವ್’ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಪುಟದೊಳಗೆ ಹುಡುಕೋದು ಹಾಗೆ.

ಭಾವ: ಅಡ್ಡಗೆರೆ ಐ. ಪ್ರಾಂಪ್ಟ್ ಬಿಫೋರ್ ಓವರ್‌ರೈಟ್. ಅಂದ್ರೆ... ಈ ಐ ಹಾಕದಿದ್ರೆ ಕೇಳದೇ ಅಳಿಸಿ ಬರೀತದಾ?

ನಾದಿನಿ: ಹೌದು. ಒಂದೇ ಹೆಸರಿನ ಫೈಲ್ ಅಲ್ಲಿ ಮೊದಲೇ ಇದ್ರೆ, ಅದರ ಮೇಲೆ ಸದ್ದಿಲ್ಲದೆ ಹೊಸದನ್ನ ಬರೆದುಬಿಡುತ್ತೆ. ಕೆರೆಗಳ ಬಗ್ಗೆ ನೀವು ಬರೀತಿರೋದರ ಹಳೇ ಕರಡು ಹೊಸ ಕರಡನ್ನ ನುಂಗಿಹಾಕಬಹುದು. ಬರೀ ‘ಸಿಪಿ ಅಂದ್ರೆ ಕಾಪಿ’ ಅಂತ ಹೇಳೋ ಪಾಠದಲ್ಲಿ ಇದು ಇರಲ್ಲ. ಕೈಪಿಡಿಯಲ್ಲಿ ಇದೆ. ಹೊರಗೆ ಬರೋಕೆ ಕ್ಯೂ ಒತ್ತಿ.

ಭಾವ: ಇದು ಚೆನ್ನಾಗಿದೆ ಕಣಮ್ಮ. ಇಂಟರ್ನೆಟ್ ಇಲ್ಲದಿದ್ರೂ ಇದು ಇರುತ್ತಲ್ಲ?

ನಾದಿನಿ: ಇರುತ್ತೆ, ಮತ್ತೆ ನಿಮ್ಮ ಯಂತ್ರದಲ್ಲಿ ಇರೋ ಆವೃತ್ತಿಯದೇ ಇರುತ್ತೆ. ಅದಕ್ಕೇ ನಾನು ಇದನ್ನ ಮೊದಲನೇ ಆಕರ ಅನ್ನೋದು. ಆದರೆ ಇದು ಅನುಕ್ರಮವಾಗಿ ಕಲಿಸಲ್ಲ, ಗೊತ್ತಿರೋ ಹೆಸರಿನ ವಿವರ ಕೊಡುತ್ತೆ ಅಷ್ಟೇ. ಅನುಕ್ರಮಕ್ಕೆ ವಿಲಿಯಂ ಶಾಟ್ಸ್ ಬರೆದ ‘ದಿ ಲಿನಕ್ಸ್ ಕಮಾಂಡ್ ಲೈನ್’ ಅಂತ ಪುಸ್ತಕ ಇದೆ. ಅಂಗಡಿಯಲ್ಲಿ ಅಚ್ಚಿನದೂ ಸಿಗುತ್ತೆ, ಪಿಡಿಎಫ್ ಅನ್ನ ಲೇಖಕರೇ ಪುಕ್ಕಟೆ ಕೊಟ್ಟಿದಾರೆ. ಏನೂ ಗೊತ್ತಿಲ್ಲದವರ ಕೈ ಹಿಡಿದು, ಒಂದು ಅಧ್ಯಾಯಕ್ಕೆ ಒಂದು ವಿಷಯ ಅಂತ ಕರ್ಕೊಂಡು ಹೋಗ್ತಾರೆ. ಮೊದಲ ಭಾಗ ಮುಗಿಸಿದ್ರೆ ನಿಮಗೆ ಬೇಕಾದ್ದೆಲ್ಲ ಬಂತು. ಕೊನೆಯ ಭಾಗ ಸ್ಕ್ರಿಪ್ಟ್ ಬರೆಯೋದು, ಅದು ಇಷ್ಟ ಇದ್ರೆ.

ಭಾವ: ಕನ್ನಡದಲ್ಲಿ ಏನೂ ಇಲ್ವಾ? ಇಂಗ್ಲಿಷ್ ನನಗೆ ಕಷ್ಟ ಅಲ್ಲ. ನಿಮ್ಮಕ್ಕನೂ ಕಲೀತೀನಿ ಅಂತಿದಾಳೆ.

ನಾದಿನಿ: ಅಕ್ಕನಾ? ಹಾಗಾದ್ರೆ ಇಬ್ಬರೂ ಒಟ್ಟಿಗೆ ಕೂತ್ಕೊಳ್ಳಿ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆ. ಹತ್ತು ನಿಮಿಷದ ಆಸುಪಾಸಿನ ಸಣ್ಣ ಸಣ್ಣ ವಿಡಿಯೊ ಪಾಠಗಳು, ಕನ್ನಡದ ಧ್ವನಿಯಲ್ಲೂ ಇವೆ. ಲಿನಕ್ಸ್ ಇದೆ, ಲಿಬ್ರೆ ಆಫೀಸ್ ಇದೆ. ಅದನ್ನ ಬರೀ ನೋಡೋಕೆ ಅಂತ ಮಾಡಿಲ್ಲ. ಪಕ್ಕದಲ್ಲಿ ಯಂತ್ರ ಇಟ್ಕೊಂಡು, ಅವರು ಮಾಡಿದ್ದನ್ನ ನಿಲ್ಲಿಸಿ ನಿಲ್ಲಿಸಿ ತಾನೂ ಮಾಡೋ ಹಾಗೆ ಮಾಡಿರೋದು. ಲಿನಕ್ಸ್ ಪಾಠಗಳನ್ನ ಹಳೇ ಉಬುಂಟು ಮೇಲೆ ತೆಗೆದಿದಾರೆ.

ಭಾವ: ಆಗ ಪರದೆ ಬೇರೆ ಥರ ಕಾಣುತ್ತೆ. ಆದರೆ ಎಲ್‌ಎಸ್, ಸಿಪಿ ಪಾಠ ಹಾಗೇ ನಡೆಯುತ್ತೆ.

ನಾದಿನಿ: ನೋಡಿ, ನೀವೇ ಹೇಳಿದ್ರಿ. ಕನ್ನಡದಲ್ಲಿ ಇದಕ್ಕಿಂತ ಹೆಚ್ಚು ಬೇಕಿತ್ತು ಅನ್ನೋ ಸಂಕಟ ನನಗಿದೆ. ಅಚ್ಚುಕಟ್ಟಾದ ಹೊಸ ಪುಸ್ತಕ ಒಂದು ಬೇಕು. ನಿಮ್ಮಂಥ ಬರೆಯೋ ಕೈ ಕಲಿತ್ರೆ ಬರೀಬಹುದು ಅಂತ ಆಸೆಯಿಂದಲೇ ಇಷ್ಟು ಹೊತ್ತು ಮಾತಾಡ್ತಿದೀನಿ.

ಭಾವ: ಮೊದಲು ಕಲೀತೀನಿ, ತಡಿ. ಆ ಹುಡುಗ ಇನ್ನೊಂದು ಮಾತು ಹೇಳ್ದ. ಈಗ ಪುಸ್ತಕ ಗಿಸ್ತಕ ಯಾಕೆ, ಫೋನ್‌ನಲ್ಲಿ ಎಐ ಕೇಳಿದ್ರೆ ಕಮಾಂಡ್ ಬರೆದುಕೊಡುತ್ತೆ ಅಂತ.

ನಾದಿನಿ: ಕೊಡುತ್ತೆ. ನಾನೂ ಕೇಳ್ತೀನಿ. ಆದರೆ ಅದು ಯಾವ ಕಾಲದ ಆಕರದಿಂದ ಹೇಳ್ತಿದೆ ಅಂತ ನಿಮಗೆ ಕಾಣಲ್ಲ. ಹಳೇ ಆವೃತ್ತಿಯ ಉತ್ತರವನ್ನ ಹೊಸದಕ್ಕೆ ಕೊಟ್ಟುಬಿಡಬಹುದು, ಇಲ್ಲದ ಆಪ್ಷನ್ ಇದೆ ಅನ್ನಬಹುದು. ಅದಕ್ಕೆ ಒಂದು ಶಿಸ್ತು ಇಟ್ಕೊಳ್ಳಿ. ಕೊಟ್ಟ ಕಮಾಂಡನ್ನ ಹಾಗೇ ಅಂಟಿಸಬೇಡಿ. ಅದರಲ್ಲಿರೋ ಒಂದೊಂದು ಹೆಸರಿಗೂ ಮ್ಯಾನ್ ಪುಟ ತೆಗೆದು ಆಪ್ಷನ್ ಏನು ಮಾಡುತ್ತೆ ಅಂತ ನೋಡಿ. ಸುಡೋ ಅಂತ ಶುರುವಾದ್ರೆ ಅದಕ್ಕೆ ಇಡೀ ಯಂತ್ರದ ಅಧಿಕಾರ ಕೊಡ್ತಿದೀರಿ ಅಂತ ಅರ್ಥ. ಆರ್‌ಎಂ, ಇಲ್ಲಾ ಡಿಸ್ಕ್ ಮೇಲೇ ನೇರ ಬರೆಯೋ ಡಿಡಿ ಇದ್ರೆ ಕೈ ತಡೀರಿ, ಅಳಿಸಿಹೋದದ್ದು ಕಸದಬುಟ್ಟಿಗೂ ಬರಲ್ಲ. ಹೀಗೆ ನೋಡ್ತಾ ಹೋದ್ರೆ ಎಐ ಕೂಡ ಒಳ್ಳೇ ಸಹಾಯಕ. ನೋಡದೇ ಅಂಟಿಸೋ ಅಭ್ಯಾಸ ಆದ್ರೆ ಮಾತ್ರ ಎಷ್ಟು ವರ್ಷ ಬಳಸಿದ್ರೂ ಏನೂ ಕಲಿತಿರಲ್ಲ.

ಭಾವ: ನನ್ನ ದೊಡ್ಡ ಚಿಂತೆಯನ್ನ ಇನ್ನೂ ಹೇಳೇ ಇಲ್ಲ. ಕೆರೆ, ಶಾಸನಗಳ ಬರಹವೆಲ್ಲ ನುಡಿ ತಂತ್ರಾಂಶದಲ್ಲಿದೆ. ಪೆನ್‌ಡ್ರೈವ್‌ನಿಂದ ತೆರೆದಾಗ ಒಂದು ಫೈಲ್ ನೋಡ್ದೆ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಗೀಟು. ಎದೆ ಧಸಕ್ ಅಂತು.

ನಾದಿನಿ: ಏನೂ ಹಾಳಾಗಿಲ್ಲ ಭಾವ. ಹಳೇ ನುಡಿ ಅಕ್ಷರಗಳು ಕನ್ನಡವನ್ನ ಕನ್ನಡ ಅಂತ ಉಳಿಸ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ರು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರ ಕಾಣುತ್ತೆ. ವಿಂಡೋಸ್‌ನಲ್ಲೂ ಫಾಂಟ್ ತೆಗೆದ್ರೆ ಇದೇ ಗತಿ. ಸದ್ಯಕ್ಕೆ ಆ ಫಾಂಟ್ ಫೈಲನ್ನೇ ಲಿನಕ್ಸ್‌ಗೂ ಹಾಕ್ಕೊಂಡ್ರೆ ಲಿಬ್ರೆ ಆಫೀಸ್‌ನಲ್ಲಿ ಮೊದಲಿನ ಹಾಗೇ ಕಾಣುತ್ತೆ. ಆದರೆ ಕೊನೆಗೆ ಯೂನಿಕೋಡ್‌ಗೆ ಪರಿವರ್ತನೆ ಮಾಡಲೇಬೇಕು. ಅದಕ್ಕೆ ಕನ್ನಡದವರೇ ಮಾಡಿರೋ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವೊತ್ತು ಇರೋ ಕಡೆ ಕಣ್ಣಾಡಿಸಿ ತಿದ್ದಬೇಕು. ಶಾಸನದ ಪಾಠ ಇರೋ ಪುಟಗಳನ್ನಂತೂ ಅಕ್ಷರ ಅಕ್ಷರ ಹೋಲಿಸಿ.

ಭಾವ: ಟೈಪಿಂಗು? ನನ್ನ ಬೆರಳು ನುಡಿಗೇ ಒಗ್ಗಿದೆ.

ನಾದಿನಿ: ನುಡಿಯ ಕೀಲಿಮಣೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸದ್ದು. ಅದು ಲಿನಕ್ಸ್‌ನಲ್ಲಿ ಮೊದಲೇ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್‌ಗೆ ಹೋಗಿ ಕನ್ನಡ, ಕಗಪ ಅಂತ ಇರೋದನ್ನ ಸೇರಿಸಿ. ಅರ್ಧಾಕ್ಷರಕ್ಕೆ ನೀವು ಒತ್ತೋ ಎಫ್ ಕೀಲಿ ಇಲ್ಲೂ ಎಫ್ಫೇ. ಪದದ ಮೊದಲಲ್ಲಿ ಬರೋ ಇ, ಉ ಥರದ ಸ್ವರಗಳಿಗೆ ಮಾತ್ರ ಬಲಗಡೆಯ ಆಲ್ಟ್ ಕೀಲಿ ಸೇರಿಸಿ ಒತ್ತಬೇಕಾಗುತ್ತೆ. ಅದು ಕೈಗೆ ಹತ್ತದಿದ್ರೆ ಐಬಸ್ ಅಂತ ಇನ್ನೊಂದು ದಾರಿ ಇದೆ, ಅದರಲ್ಲೂ ಕಗಪ ಸಿಗುತ್ತೆ. ಕೂತು ಹಾಕಿಕೊಡ್ತೀನಿ. ಅಕ್ಷರಕ್ಕೆ ಲೋಹಿತ್, ನೋಟೊ ಇವೆ. ಗುಬ್ಬಿ, ನವಿಲು ಅಂತ ಎರಡು ಚಂದದ ಮುಕ್ತ ಫಾಂಟ್‌ಗಳೂ ಸಿಗ್ತವೆ.

ಭಾವ: ಸಾಫ್ಟ್‌ವೇರ್ ಬೇಕಾದ್ರೆ ಗೂಗಲ್‌ನಲ್ಲಿ ಹುಡುಕಿ ಇಳಿಸ್ಕೋಬೇಕಾ, ಮೊದಲಿನ ಥರ?

ನಾದಿನಿ: ಬೇಡವೇ ಬೇಡ. ಮೆನುವಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ, ಮೊದಲು ಅಲ್ಲಿ ಹುಡುಕಿ. ಅಲ್ಲಿಂದ ಹಾಕಿದ್ದಕ್ಕೆ ಅಪ್‌ಡೇಟೂ ತಾನಾಗಿ ಬರುತ್ತೆ. ಕಂಡಕಂಡ ಕಡೆಯಿಂದ ಇಳಿಸಿ ಹಾಕೋದು ಬಿಟ್ಟರೆ ಅರ್ಧ ತೊಂದರೆ ಹತ್ತಿರ ಸುಳಿಯಲ್ಲ.

ಭಾವ: ಯಾವುದು ನಡೆಯಲ್ಲ, ಅದನ್ನೂ ಹೇಳಿಬಿಡು.

ನಾದಿನಿ: ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಅದನ್ನ ನಂಬಿ ಲೆಕ್ಕ ಬರೆಯೋರಿಗೆ ನಾನು ಬದಲಾಯಿಸಿ ಅನ್ನಲ್ಲ. ನಿಮಗೆ ಅದರ ಹಂಗಿಲ್ಲ. ಅನುಮಾನ ಇರೋದು ಪ್ರಿಂಟರ್ ಬಗ್ಗೆ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ವಿಂಡೋಸ್ ಡ್ರೈವರ್ ಇಲ್ಲದೆ ಅಲುಗಾಡಲ್ಲ. ಅದಕ್ಕೇ ಪೆನ್‌ಡ್ರೈವ್‌ನಲ್ಲಿ ಇರೋವಾಗಲೇ ಪರೀಕ್ಷೆ ಮಾಡ್ಕೋಬೇಕು. ಡೆಸ್ಕ್‌ಟಾಪ್ ಮೇಲಿರೋ ಇನ್‌ಸ್ಟಾಲ್ ಗುರುತು ಒತ್ತಿ ಒಪ್ಪಿಗೆ ಕೊಡೋವರೆಗೂ ಅದು ನಿಮ್ಮ ಡಿಸ್ಕ್‌ಗೆ ಏನೂ ಬರೆಯಲ್ಲ. ವೈಫೈ, ಧ್ವನಿ, ಮುಚ್ಚಳ ಮುಚ್ಚಿ ತೆಗೆದ್ರೆ ಮತ್ತೆ ಏಳುತ್ತಾ, ಕನ್ನಡ ಟೈಪಿಂಗ್, ಆಮೇಲೆ ಪ್ರಿಂಟರ್. ಇವೆಲ್ಲ ಸರಿ ಇದ್ರೆ ಮಾತ್ರ ಮುಂದೆ.

ಭಾವ: ಪ್ರಿಂಟರ್ ಈಗಲೇ ಚುಚ್ಚಲಾ? ಪಕ್ಕದಲ್ಲೇ ಇದೆ.

ನಾದಿನಿ: ಚುಚ್ಚಿ, ಸ್ವಿಚ್ ಹಾಕಿ. ಟರ್ಮಿನಲ್‌ನಲ್ಲಿ ಎಲ್, ಎಸ್, ಯು, ಎಸ್, ಬಿ ಅಂತ ಜಾಗ ಬಿಡದೆ ಹೊಡೀರಿ. ಯುಎಸ್‌ಬಿಗೆ ಏನೇನು ಸಿಕ್ಕಿಸಿದೀರಿ ಅನ್ನೋ ಪಟ್ಟಿ ಬರುತ್ತೆ.

ಭಾವ: ಆರೇಳು ಸಾಲು ಬಂತು. ಒಂದರಲ್ಲಿ ಐಡಿ 03ಎಫ್0 ಅಂತ ಇದೆ, ಮುಂದೆ ಇನ್ನೊಂದು ಸಂಖ್ಯೆ, ಆಮೇಲೆ ಎಚ್‌ಪಿ, ಲೇಸರ್‌ಜೆಟ್ ಅಂತ ಹೆಸರು.

ನಾದಿನಿ: 03ಎಫ್0 ಅನ್ನೋದು ಎಚ್‌ಪಿ ಕಂಪನಿಯ ಗುರುತು, ಮುಂದಿನ ಸಂಖ್ಯೆ ಆ ಮಾಡೆಲ್‌ದು. ಒಳ್ಳೇದಾಯ್ತು. ಎಚ್‌ಪಿಯವರು ಎಚ್‌ಪಿಲಿಪ್ ಅಂತ ಲಿನಕ್ಸ್‌ಗೇ ತಂತ್ರಾಂಶ ಕೊಡ್ತಾರೆ, ಬಹಳಷ್ಟು ಮಾಡೆಲ್ ಅದರಲ್ಲಿ ನಡೀತವೆ. ಆ ಸಾಲನ್ನ ಪೂರ್ತಿ ಬರೆದಿಟ್ಕೊಳ್ಳಿ. ನಾಳೆ ಎಲ್ಲಾದ್ರೂ ಸಹಾಯ ಕೇಳಬೇಕಾದ್ರೆ ‘ನನ್ನ ಪ್ರಿಂಟರ್ ಕೆಲಸ ಮಾಡ್ತಿಲ್ಲ’ ಅಂತಷ್ಟೇ ಬರೆದ್ರೆ ಯಾರಿಂದಲೂ ಉತ್ತರ ಹೇಳೋಕಾಗಲ್ಲ. ಈ ಸಾಲು, ಮೊದಲು ಓದಿದ್ರಲ್ಲ ಮಿಂಟ್ 22.2, ನೋಬಲ್ ಅಂತ, ಅದು, ನೀವು ಏನು ಮಾಡಿದ್ರಿ, ಪರದೆ ಮೇಲೆ ಏನು ಬಂತು, ಇಷ್ಟು ಬರೀರಿ. ಬಂದ ಮಾತನ್ನ ನಿಮ್ಮ ಮಾತಲ್ಲಿ ಹೇಳಬೇಡಿ, ಇದ್ದ ಹಾಗೇ ಹಾಕಿ.

ಭಾವ: ಶಾಸನ ಓದೋವಾಗ ಸವೆದ ಅಕ್ಷರವನ್ನ ಊಹೆಯಿಂದ ತುಂಬಬಾರದು ಅಂತ ನಾವು ಹುಡುಗರಿಗೆ ಹೇಳ್ತಿದ್ವಲ್ಲ, ಹಾಗೆ.

ನಾದಿನಿ: ಹಾಗೇ. ಈಗ ಪರೀಕ್ಷೆಗೆ ಒಂದು ಪುಟ ಪ್ರಿಂಟ್ ಕೊಟ್ಟು ನೋಡಿ, ಬಂತೋ ಇಲ್ವೋ ಹೇಳಿ. ಇನ್‌ಸ್ಟಾಲ್ ಮಾತ್ರ ಇವತ್ತು ಬೇಡ. ಮೊದಲು ವಿಂಡೋಸ್‌ಗೆ ವಾಪಸ್ ಹೋಗಿ, ಕೆರೆ ಫೋಲ್ಡರ್, ಫೋಟೊ, ಆ ನುಡಿ ಫಾಂಟ್, ಮೂರನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಒಂದು ಸಲ, ಬೇರೆ ಪೆನ್‌ಡ್ರೈವ್‌ಗೆ ಇನ್ನೊಂದು ಸಲ ನಕಲು ಮಾಡಿ. ನಕಲು ಮಾಡಿದ ಮೇಲೆ ಅಲ್ಲಿಂದಲೇ ಎರಡು ಮೂರು ಫೈಲ್ ತೆರೆದು ನೋಡಿ. ಅದಾದ ಮೇಲೆ ಫೋನ್ ಮಾಡಿ, ಅಕ್ಕನ್ನೂ ಕೂರಿಸ್ಕೊಳ್ಳಿ, ಡಿಸ್ಕ್ ಭಾಗ ಮಾಡೋದನ್ನ ಒಟ್ಟಿಗೆ ನೋಡೋಣ.